ಟೈಪ್ ಮಾಡದೆ ಬಿಟ್ಟ ನಾಲ್ಕು ಸಾಲು

ಇದನ್ನು ಹೇಳುವುದನ್ನು ಮುಂದೂಡುತ್ತ ಬಂದು ಒಂದೂವರೆ ವರ್ಷಕ್ಕೂ ಮಿಕ್ಕಿತು. ಲಾಕ್‌ಡೌನ್ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಎರಡನೆಯ ಲಸಿಕೆ ಆಗಲಿ ಎಂದುಕೊಂಡೆ, ಆಯಿತು. ವಿಮಾನಗಳು ಹಾರಲಿ, ಮನಸ್ಸು ಗಟ್ಟಿಯಾಗಲಿ, ಎದುರು ಕೂತು ಹೇಳೋಣ ಎಂದುಕೊಂಡೆ — ವಿಮಾನಗಳು ಹಾರಿದವು, ಆಕೆಯೇ ಒಂದರಲ್ಲಿ ಹೊರಟುಹೋದರು, ನಾನು ಪರದೇಶದ ಈ ಬಾಂಗ್ಸಾರ್ ಬಡಾವಣೆಯ ಮನೆಯ ಕಿಟಕಿಯ ಪಕ್ಕ ಕೂತೇ ಇದ್ದೆ. ಇನ್ನು ನೆಪಗಳು ಉಳಿದಿಲ್ಲ. ಆದ್ದರಿಂದ ಮೊದಲು ವಿಷಯ ಹೇಳಿಬಿಡುತ್ತೇನೆ. ಕಣ್ಣು ಕಾಣದ ಒಬ್ಬ ಹೆಂಗಸು ನಂಬಿ ಹೇಳಿಕೊಂಡ ಗುಟ್ಟನ್ನು ನಾನು ಆಕೆಯ ಮಗನಿಗೆ ತಿಳಿಸಿದೆ. ಆಕೆಯ ದಿನದಲ್ಲಿ ಆಕೆಯದೇ ಆಗಿದ್ದ ಒಂದು ಗಂಟೆ ಇತ್ತು. ಅದು ನನ್ನಿಂದ ಹೋಯಿತು. ಹೇಳಿದ್ದು ಯಾರು ಎಂಬ ಪ್ರಶ್ನೆ ಬಂದಾಗ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂಬುದೂ ನಿಜವಲ್ಲ. ‘ನಾನಲ್ಲ’ ಎಂದು ಬಾಯಿ ಬಿಟ್ಟು ಸುಳ್ಳು ಹೇಳಿದೆ.

ನಾನು ಓದಿದ್ದು ಎಸ್ಸೆಸೆಲ್ಸಿ. ಅದರ ಮೇಲೆ ಟೈಪಿಂಗಿನ ಹೈಯರ್ ಪರೀಕ್ಷೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ನಿವೃತ್ತಿಯ ತನಕ ಟೈಪಿಸ್ಟ್ ಆಗಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಹುದ್ದೆ ಬೇರೆಯಿತ್ತು: ಇಪ್ಪತ್ತು ವರ್ಷ ನಾನು ನಮ್ಮ ಚರ್ಚಿನ ಒಂದು ವಾರ್ಡಿನ ಗುರ್ಕಾರನಾಗಿದ್ದೆ. ನಮ್ಮ ಕ್ರೈಸ್ತರಲ್ಲಿ ಗುರ್ಕಾರನೆಂದರೆ ಆ ವಾರ್ಡಿನ ಮನೆಗಳಿಗೆಲ್ಲ ಹಿರಿಯ. ಯಾರ ಗಂಡ ಕುಡಿಯುತ್ತಾನೆ, ಯಾರ ಮಗ ಭಾನುವಾರದ ಪೂಜೆಗೆ ಬರುವುದಿಲ್ಲ, ಯಾವ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ — ಅವನಿಗೆ ಗೊತ್ತಿರಬೇಕು. ಗೊತ್ತಾದದ್ದನ್ನು ಹೇಳಬೇಕಾದವರ ಕಿವಿಗೆ ಹಾಕಬೇಕು. ನಾನು ಹಾಕುತ್ತಿದ್ದೆ. ಜನ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಅದು ಗೌರವವೆಂದೇ ತಿಳಿದಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ಮಗಳು ರೀನಾ ಇಲ್ಲಿಗೆ ಕರೆಸಿಕೊಂಡಳು. ಅವಳಿಗೂ ಅಳಿಯನಿಗೂ ಕಂಪನಿ ಕೆಲಸ. ಮೊದಮೊದಲು ಎಲ್‌ಆರ್‌ಟಿ ರೈಲು ಹಿಡಿದು ಚರ್ಚಿಗೆ ಹೋಗುತ್ತಿದ್ದೆ, ಇಲ್ಲಿಯ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ, ಮಂಗಳೂರಿನವರು ನಾಲ್ಕು ಜನ ಸಿಕ್ಕರೆ ನನ್ನ ಕಾಲ ಸರಿಯುತ್ತಿತ್ತು. ಅಷ್ಟರಲ್ಲಿ ರೋಗ ಬಂತು, ಊರೆಲ್ಲ ಬಾಗಿಲು ಹಾಕಿತು. ಮಗಳೂ ಅಳಿಯನೂ ಒಂದೊಂದು ಕೋಣೆಯಲ್ಲಿ ಕಂಪ್ಯೂಟರಿನ ಜೊತೆ ಮಾತಾಡುತ್ತ ಕೂತರು. ನಾನು ನಡುಮನೆಯಲ್ಲಿ ಕೆಮ್ಮಿದರೂ ಒಳಗಿನಿಂದ ‘ಪಪ್ಪಾ, ಪ್ಲೀಸ್, ಮೀಟಿಂಗ್’ ಎಂಬ ದನಿ. ಒಂದು ದಿನ ರೀನಾ ಹೇಳಿದಳು, ‘ಪಪ್ಪಾ, ವಿನುತಾಗೆ ಕನ್ನಡ ಟೈಪ್ ಮಾಡುವವರು ಬೇಕಂತೆ. ನಿಮಗೂ ಒಂದು ಕೆಲಸ ಆಗ್ತದೆ, ನಮಗೂ ಒಂದು ಶಾಂತಿ.’

ವಿನುತಾ ಉಡುಪಿಯ ಹುಡುಗಿ. ಮೆಲಾಕಾದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ, ರೀನಾಳ ಗೆಳತಿ. ಅವಳು ಆಗ ಒಂದು ಸಂಶೋಧನೆಗೆ ಕೈಹಾಕಿದ್ದಳು: ಮಕ್ಕಳ ಹಿಂದೆ ಪರದೇಶಕ್ಕೆ ಬಂದು, ಇಲ್ಲಿ ಕಣ್ಣು ಕಳೆದುಕೊಂಡ ಅಥವಾ ಕಳೆದುಕೊಳ್ಳುತ್ತಿರುವ ನಮ್ಮ ಕಡೆಯ ಹಿರಿಯರು ದಿನ ಹೇಗೆ ಕಳೆಯುತ್ತಾರೆ ಎಂದು. ಕಾಯಿಲೆಯ ಬಗ್ಗೆ ಅಲ್ಲ, ಬದುಕಿನ ಬಗ್ಗೆ. ಮನೆಮನೆಗೆ ಹೋಗಿ ಕೇಳಬೇಕೆಂದಿದ್ದಳು, ಹೋಗುವ ಹಾಗಿರಲಿಲ್ಲ. ಆದ್ದರಿಂದ ಅವರಿಗೆಲ್ಲ ಹೀಗೆ ಹೇಳಿದ್ದಳು — ದಿನಕ್ಕೊಮ್ಮೆ ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ಕಳಿಸಿ, ಮನಸ್ಸಿಗೆ ಬಂದದ್ದು ಮಾತಾಡಿ. ಆ ದನಿಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ.

ಹೆಸರುಗಳಿರಲಿಲ್ಲ. ಒಬ್ಬೊಬ್ಬರಿಗೂ ಒಂದು ಸಂಖ್ಯೆ. ನಾನು ಒಂದು ಕಾಗದಕ್ಕೆ ಸಹಿ ಹಾಕಿದೆ — ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ವಿನುತಾ ಫೋನಿನಲ್ಲಿ ಮತ್ತೊಮ್ಮೆ ಹೇಳಿದಳು, ‘ಅಂಕಲ್, ಇನ್ನೊಂದು ಮುಖ್ಯ. ಇಲ್ಲಿ ನಮ್ಮವರು ಅಂತ ಇರೋದೇ ನಾಲ್ಕು ಜನ. ಯಾರದ್ದಾದ್ರೂ ದನಿ ಗುರುತು ಸಿಕ್ಕಿದ್ರೆ ಅಲ್ಲಿಗೇ ನಿಲ್ಲಿಸಿ, ನನಗೆ ತಿಳಿಸಿ. ಅದನ್ನು ನಾನೇ ಬರ್ಕೊಳ್ತೇನೆ.’ ‘ನೀನು ಚಿಂತೆ ಮಾಡ್ಬೇಡ ಮಗಾ. ಇಪ್ಪತ್ತು ವರ್ಷ ಗುರ್ಕಾರ ಆಗಿದ್ದವ ನಾನು, ಎಷ್ಟು ಮನೆಯ ಗುಟ್ಟು ಈ ಹೊಟ್ಟೆಯಲ್ಲಿ ಉಂಟು ಗೊತ್ತುಂಟಾ?’ ಎಂದೆ. ಅವಳು ನಕ್ಕಳು. ಅವಳು ನಕ್ಕದ್ದು ಈಗಲೂ ಕೇಳಿಸುತ್ತದೆ.

ಹನ್ನೊಂದನೆಯವರ ಮೊದಲ ರೆಕಾರ್ಡಿಂಗ್ ಹೀಗೆ ಶುರುವಾಯಿತು: ‘ಹನ್ನೊಂದು ಮಾತಾಡ್ತಾ ಉಂಟು, ಡಾಕ್ಟ್ರೇ. ಹನ್ನೊಂದಕ್ಕೆ ಇವತ್ತು ಸೊಂಟ ನೋವು. ನಲವತ್ತು ವರ್ಷ ಮಕ್ಕಳ ಹಾಜರಿ ಕರೆದವಳು ನಾನು, ಒಂದು ಮಗುವನ್ನೂ ನಂಬರ್ ಹಿಡಿದು ಕರೆದವಳಲ್ಲ. ನನಗೆ ಹೆಸರುಂಟು. ನಾನೇನು ಕದ್ದು ಓಡಿ ಬಂದವಳಾ, ಹೆಸರು ಅಡಗಿಸ್ಲಿಕ್ಕೆ? ನಿಮ್ಮ ಪುಸ್ತಕದಲ್ಲಿ ಹೆಸರೇ ಹಾಕಿ.’

ಎರಡನೆಯ ವಾಕ್ಯ ಮುಗಿಯುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಲಾಕ್‌ಡೌನಿನಲ್ಲಿ ಪ್ರತಿ ಶನಿವಾರ ಸಂಜೆ ನಮ್ಮ ಮಂಗಳೂರಿನ ಕ್ರೈಸ್ತ ಕುಟುಂಬಗಳು ವೀಡಿಯೊದಲ್ಲಿ ಸೇರಿ ಜಪಸರ ಹೇಳುತ್ತಿದ್ದೆವು. ಪ್ರಾರ್ಥನೆ ನಡೆಸುವವನು ನಾನು — ಯಾರೂ ನೇಮಿಸಿದ್ದಲ್ಲ, ನಾನೇ ನಡೆಸುತ್ತಿದ್ದೆ. ಕಡೆಯಲ್ಲಿ ಬರುವ ಲದಿನ್, ಅಂದರೆ ದೇವಮಾತೆಯ ಬಿರುದುಗಳ ಉದ್ದನೆಯ ಮಾಲೆಯನ್ನು ಮಾತ್ರ ಒಬ್ಬ ಹೆಂಗಸು ಹೇಳುತ್ತಿದ್ದರು, ಪುಸ್ತಕವಿಲ್ಲದೆ, ಒಂದೂ ತಪ್ಪದೆ, ಹಳೆಯ ಶಾಲಾ ಟೀಚರರ ಗಟ್ಟಿ ದನಿಯಲ್ಲಿ. ಇದೇ ಊರಿನ ಮಾಂಟ್ ಕಿಯಾರಾದಲ್ಲಿ ದೊಡ್ಡ ಕಂಪನಿಯ ಮ್ಯಾನೇಜರ್ ಆಗಿರುವ ಗ್ಲೆನ್‌ನ ತಾಯಿ. ಅದೇ ದನಿ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೊದಲ ತಪ್ಪು ಅದು, ಉಳಿದದ್ದೆಲ್ಲ ಅದರ ಹೊಟ್ಟೆಯಿಂದ ಹುಟ್ಟಿದ್ದು. ಯಾಕೆ ನಿಲ್ಲಿಸಲಿಲ್ಲ ಎಂದರೆ — ಹೇಗೆ ಹೇಳಲಿ — ಆ ಮನೆಯಲ್ಲಿ ಇಡೀ ದಿನ ನನ್ನ ಜೊತೆ ಯಾರೂ ಅಷ್ಟು ಹೊತ್ತು ಮಾತಾಡುತ್ತಿರಲಿಲ್ಲ. ಆಕೆ ಮಾತಾಡಿದ್ದು ನನ್ನ ಜೊತೆ ಅಲ್ಲ, ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೊದಲು ಹುಡುಕುತ್ತಿದ್ದದ್ದು ಹನ್ನೊಂದನೆಯ ಸಂಖ್ಯೆಯನ್ನೇ.

ಆಕೆ ಹೇಳುತ್ತಿದ್ದದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ‘ನಾನು ಕೈಯಿಂದ ನೋಡುವವಳು ಡಾಕ್ಟ್ರೇ, ಈಗ ಲೋಕವೆಲ್ಲ ಮುಟ್ಟಬೇಡಿ ಮುಟ್ಟಬೇಡಿ ಅಂತದೆ. ಕಣ್ಣಿದ್ದವರಿಗೆ ಇದು ರೋಗ, ನನಗೆ ಇದು ಎರಡನೇ ಸಲ ಕಣ್ಣು ಹೋದ ಹಾಗೆ.’ ಮಾಸ್ಕ್ ಹಾಕಿದ ಮೇಲೆ ಜನರ ದನಿ ದಿಂಬಿನ ಒಳಗಿನಿಂದ ಬಂದ ಹಾಗೆ ಬರುತ್ತದಂತೆ. ತಾನೂ ಮಾಸ್ಕ್ ತೊಟ್ಟ ಮೇಲೆ ವಾಸನೆಯೂ ಹೋಯಿತಂತೆ — ಯಾರು ಹತ್ತಿರ ನಿಂತರೆಂದು ಸೋಪಿನ ವಾಸನೆಯಲ್ಲೇ ತಿಳಿಯುತ್ತಿದ್ದವರು. ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿ ಹಚ್ಚಿ ಬೆರಳ ತುದಿ ಕಾಗದದ ಹಾಗೆ ಒಣಗಿ ಬಟ್ಟೆಯ ಹೊಲಿಗೆಯೂ ಗೊತ್ತಾಗುವುದಿಲ್ಲವೆಂದರು. ‘ಸೊಸೆ ಒಳ್ಳೆಯವಳು. ಮಗ ಚಿನ್ನದಂಥವ. ಇಬ್ಬರೂ ನನಗೆ ಎಂತ ಕೆಲಸವೂ ಕೊಡುದಿಲ್ಲ. ಮಮ್ಮಿ ಕೂತ್ಕೊಳ್ಳಿ, ಮಮ್ಮಿ ಕೂತ್ಕೊಳ್ಳಿ. ನಾನು ಎಂತ, ದೇವರ ಪೀಠದ ಮೇಲಿನ ಪ್ರತಿಮೆಯಾ?’ ನಾನು ಟೈಪ್ ಮಾಡುತ್ತ ಒಬ್ಬನೇ ನಗುತ್ತಿದ್ದೆ. ರೀನಾ ಒಮ್ಮೆ ಬಾಗಿಲಲ್ಲಿ ನಿಂತು ವಿಚಿತ್ರವಾಗಿ ನೋಡಿದಳು.

ಎರಡನೆಯ ವಾರ ಆಕೆ ಗುಟ್ಟು ಹೇಳಿದರು. ದನಿ ತಗ್ಗಿಸಿ, ಮಕ್ಕಳು ಮಾವಿನಕಾಯಿ ಕದ್ದ ಸುದ್ದಿ ಹೇಳುವ ಹಾಗೆ.

ಮನೆಯವರು ಏಳುವುದು ಏಳೂವರೆಗೆ. ಆಕೆ ಅದಕ್ಕೂ ಒಂದು ಗಂಟೆ ಮೊದಲೇ ಏಳುತ್ತಾರೆ. ಒಲೆ ಹಚ್ಚಿ ಚಹಾ ಮಾಡುತ್ತಾರೆ — ನೀರು ಕುದಿಯುವುದು ಕಿವಿಗೆ ಗೊತ್ತು, ಹಾಲು ಉಕ್ಕುವ ಮೊದಲು ಅದರ ದನಿ ಸಣ್ಣದಾಗುವುದೂ ಗೊತ್ತು. ಕುಡಿದು, ಲೋಟ ತೊಳೆದು, ಇದ್ದಲ್ಲೇ ಕವುಚಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲು ತೆರೆಯುತ್ತಾರೆ. ಕಾರಿಡಾರಿನ ಗೋಡೆ ಸವರುತ್ತ ಲಿಫ್ಟಿನ ತನಕ ಇಪ್ಪತ್ತಾರು ಹೆಜ್ಜೆ. ಲಿಫ್ಟಿನ ಗುಂಡಿಗಳ ಮೇಲೆ ಉಬ್ಬಿದ ಅಂಕಿಗಳಿದ್ದವು. ರೋಗ ಬಂದ ಮೇಲೆ ಅವುಗಳ ಮೇಲೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದರು, ಬೆರಳಿಗೆ ಎಲ್ಲ ಒಂದೇ ನುಣುಪು. ‘ನಾನು ಎಂತ ಮಾಡಿದೆ ಗೊತ್ತುಂಟಾ? ಸೆಲ್ವಿ ಹತ್ರ ಗ್ರೌಂಡಿನ ಗುಂಡಿ ಯಾವುದು ಕೇಳಿ, ಅದರ ಮೇಲೆ ಪ್ಲಾಸ್ಟಿಕನ್ನು ಉಗುರಲ್ಲಿ ಚೂರು ಹರಿದಿಟ್ಟೆ. ಅವರು ಹೊಸತು ಅಂಟಿಸ್ತಾರೆ, ನಾನು ಪುನಃ ಹರೀತೇನೆ. ಯಾರೋ ಕಿಡಿಗೇಡಿ ಮಕ್ಕಳು ಅಂತ ನೋಟಿಸ್ ಹಾಕಿದ್ದಾರಂತೆ. ಮಗನೇ ಓದಿ ಹೇಳಿದ!’ ಆಕೆ ನಕ್ಕ ನಗುವಿಗೆ ನನ್ನ ಹೆಡ್‌ಫೋನ್ ಅದುರಿತು.

ಸೆಲ್ವಿ ಎಂದರೆ ಆ ಕಟ್ಟಡದಲ್ಲಿ ಗುಡಿಸುವ ತಮಿಳು ಹೆಂಗಸು. ಕೆಳಗಿನ ತೋಟದ ಬೆಂಚುಗಳಿಗೆ, ಯಾರೂ ಕೂರಬಾರದೆಂದು, ಕೆಂಪು ಬಿಳಿ ಪಟ್ಟಿ ಸುತ್ತಿದ್ದರು. ‘ಸೆಲ್ವಿ ಪಟ್ಟಿ ಎತ್ತಿ ಹಿಡೀತಾಳೆ, ನಾನು ನುಗ್ಗಿ ಕೂತ್ಕೊಳ್ತೇನೆ. ಗಾರ್ಡ್ ಕೇಳಿದ್ರೆ ಅಯ್ಯೋ ಕಣ್ಣಿಲ್ಲದ ಅಮ್ಮ, ಪಟ್ಟಿ ಎಲ್ಲಿ ಕಾಣ್ತದೆ ಅಂತಾಳೆ. ಕಣ್ಣಿಲ್ಲದ್ದು ಅಷ್ಟಾದ್ರೂ ಉಪಯೋಗಕ್ಕೆ ಬರ್ಲಿ.’ ಅರ್ಧ ಗಂಟೆ ಅಲ್ಲಿ ಕೂತು ಹಕ್ಕಿ ಕೇಳುತ್ತಾರೆ. ಹೂವು ಬಿದ್ದರೆ ಹುಡುಕಿ ಮುಡಿಯುತ್ತಾರೆ, ಮನೆ ಸೇರುವ ಮೊದಲು ತೆಗೆಯುತ್ತಾರೆ. ‘ಇದು ನನ್ನ ಗಂಟೆ, ಡಾಕ್ಟ್ರೇ. ಉಳಿದ ಇಪ್ಪತ್ತಮೂರು ಅವರದ್ದು.’

ಹನ್ನೆರಡು ದಿನ ನಾನು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಹದಿಮೂರನೆಯ ದಿನ ಗ್ಲೆನ್‌ಗೆ ಫೋನ್ ಮಾಡಿದೆ.

ಯಾಕೆ ಮಾಡಿದೆ ಎಂದು ನನಗೆ ನಾನೇ ಕೊಟ್ಟುಕೊಂಡ ಉತ್ತರವನ್ನು ಮೊದಲು ಬರೆಯುತ್ತೇನೆ. ಗ್ಯಾಸು, ಬೆಂಕಿ, ತೋಟದ ಪಕ್ಕದಲ್ಲೇ ಈಜುಕೊಳ, ಊರ ತುಂಬ ರೋಗ. ನಾಳೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ಮನಿದ್ದವನು ನಾನಾಗುವುದಿಲ್ಲವೇ? ಗುರ್ಕಾರನ ಕರ್ತವ್ಯವಲ್ಲವೇ? ಇಷ್ಟೆಲ್ಲ ನಿಜ. ಯಾರು ಕೇಳಿದರೂ ತಲೆಯಾಡಿಸುವಷ್ಟು ನಿಜ. ಆ ನಿಜದ ಹಿಂದೆ ಇನ್ನೊಂದು ಇದೆ. ಅದಕ್ಕೆ ಬರುತ್ತೇನೆ — ಬರಲೇಬೇಕು, ಸ್ವಲ್ಪ ತಾಳಿ.

‘ಪುತಾ,’ ಎಂದೆ, ನಮ್ಮ ಕೊಂಕಣಿಯಲ್ಲಿ, ‘ನಿನ್ನ ತಾಯಿ ಬೆಳಿಗ್ಗೆ ಎಲ್ಲಿಗೆ ಹೋಗ್ತಾರೆ ಅಂತ ನಿನಗೆ ಗೊತ್ತುಂಟಾ?’

‘ಎಲ್ಲಿಗೆ ಹೋಗ್ಲಿಕ್ಕುಂಟು ಮಾಮ್? ಮಮ್ಮಿ ಬೆಡ್‌ನಲ್ಲಿ ಇರ್ತಾರೆ ಲಾ.’ ಮಾಮ್ ಎಂದರೆ ನಮ್ಮಲ್ಲಿ ಮಾವ; ಕಡೆಯ ‘ಲಾ’ ಈ ದೇಶದ ಮಾತಿನ ಬಾಲ.

ಹೇಳಿದೆ. ಒಲೆ, ಬಾಗಿಲು, ಲಿಫ್ಟು, ಬೆಂಚು. ಉಗುರಲ್ಲಿ ಹರಿದ ಪ್ಲಾಸ್ಟಿಕನ್ನೂ ಬಿಡಲಿಲ್ಲ. ಆಮೇಲೆ ಅವನು, ‘ಮೈ ಗಾಡ್. ಬಾಗಿಲ ಲಾಕ್ ತೆಗೆದೇ ಇರ್ತಿತ್ತು. ಹೆಂಡತಿ ಮರೆತಳು ಅಂತ ನಾನು ಅವಳಿಗೆ ಬೈತಿದ್ದೆ... ಮಾಮ್, ನಿಮಗೆ ಹೇಗೆ ಗೊತ್ತಾಯ್ತು?’

ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿರಲಿಲ್ಲ, ಅಥವಾ ಯೋಚಿಸಿಯೂ ಯೋಚಿಸದ ಹಾಗೆ ಇದ್ದೆ. ಬಾಯಿಂದ ಬಂದ ಮಾತು ಇದು: ‘ಆ ಮೆಲಾಕಾದ ಡಾಕ್ಟರಮ್ಮನ ಹತ್ರ ಎಲ್ಲ ರೆಕಾರ್ಡು ಉಂಟಲ್ಲ ಪುತಾ. ಅಂಥ ಕಡೆ ಹೇಳಿದ ಮಾತು ನಿಲ್ತದಾ? ನನ್ನ ಹೆಸರು ಮಾತ್ರ ಎತ್ತಬೇಡ.’

ಹೀಗೆ ಒಂದೇ ಉಸಿರಿನಲ್ಲಿ ಇಬ್ಬರು ಹೆಂಗಸರನ್ನು ಮಾರಿದೆ.

ಗ್ಲೆನ್ ಕೆಟ್ಟವನಲ್ಲ. ಅವನು ಹೆದರಿದ, ಅಷ್ಟೆ. ಮರುದಿನ ಬಾಗಿಲ ಮೇಲ್ಭಾಗಕ್ಕೆ ಆಕೆಯ ಕೈ ಎಟುಕದಷ್ಟು ಎತ್ತರದಲ್ಲಿ ಒಂದು ಚಿಲಕ ಹಾಕಿದ. ಒಲೆಯ ತಿರುಗುಗುಂಡಿಗಳನ್ನು ಕಳಚಿ ಡ್ರಾಯರಿನಲ್ಲಿಟ್ಟ. ಆಕೆಯ ಕೋಣೆಯ ಬಾಗಿಲಿಗೆ ತೆರೆದರೆ ಸದ್ದು ಮಾಡುವ ಯಂತ್ರವೊಂದನ್ನು ತರಿಸಿ ಅಂಟಿಸಿದ. ಇದನ್ನೆಲ್ಲ ಅವನೇ ಫೋನ್ ಮಾಡಿ ನನಗೆ ಹೇಳಿದ, ಮತ್ತೆ ‘ಥ್ಯಾಂಕ್ಯೂ ಮಾಮ್, ನೀವು ಇಲ್ಲದಿದ್ರೆ...’ ಎಂದ. ನಾನು ‘ಇರ್ಲಿ ಪುತಾ, ನಮ್ಮವರೇ ಅಲ್ವಾ’ ಎಂದೆ. ಫೋನ್ ಇಟ್ಟು ನಡುಮನೆಯಲ್ಲಿ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದೆನೋ. ಈಗಲೂ ನಡೆಯುತ್ತೇನೆ. ಕೂತರೆ ಆಗುವುದಿಲ್ಲ.

ನಾಲ್ಕು ದಿನ ಹನ್ನೊಂದನೆಯ ಸಂಖ್ಯೆಯಲ್ಲಿ ಏನೂ ಬರಲಿಲ್ಲ. ಐದನೆಯ ದಿನ ಬಂತು. ಪುಟ್ಟದು. ಅದನ್ನೂ ನಾನೇ ಟೈಪ್ ಮಾಡಬೇಕಿತ್ತು, ಮಾಡಿದೆ, ಆದ್ದರಿಂದ ಒಂದಕ್ಷರ ಮರೆತಿಲ್ಲ.

‘ಹನ್ನೊಂದು ಮಾತಾಡ್ತಾ ಉಂಟು. ಇದು ಕಡೇದು. ಡಾಕ್ಟ್ರೇ, ನೀವು ಯಾರಿಗೂ ಹೇಳುದಿಲ್ಲ ಅಂದಿದ್ರಿ, ನಾನು ನಂಬಿದೆ. ಸಿಟ್ಟು ಮಾಡ್ಲಿಕ್ಕೆ ಹೇಳುದಲ್ಲ. ನೀವು ಸಣ್ಣವರು, ಹೆದರಿ ಹೇಳಿರಬಹುದು. ನಾನು ಮಾತಾಡಿದ್ದೆಲ್ಲ ಅಳಿಸಿಬಿಡಿ. ಒಂದು ಮಾತ್ರ ಬೇಕಾದ್ರೆ ಇಟ್ಕೊಳ್ಳಿ. ನನ್ನ ಕಣ್ಣು ಹೋದದ್ದು ಹತ್ತು ವರ್ಷದ ಹಿಂದೆ. ನಾನು ಕುರುಡಿ ಆದದ್ದು ಮೊನ್ನೆ ಮಂಗಳವಾರ.’

ಆ ಸಂಜೆಯೇ ವಿನುತಾ ಫೋನ್ ಮಾಡಿದಳು. ಅತ್ತಿದ್ದಳು, ದನಿಯಲ್ಲೇ ಗೊತ್ತಾಗುತ್ತಿತ್ತು. ‘ಅಂಕಲ್, ತಪ್ಪು ತಿಳ್ಕೋಬೇಡಿ, ಕೇಳ್ಲೇಬೇಕು. ನೀವು ಯಾರ ಹತ್ರ ಆದ್ರೂ... ಬಾಯಿ ತಪ್ಪಿ ಆದ್ರೂ...’

‘ಇಲ್ಲ ಮಗಾ. ನನಗೆ ಅವರು ಯಾರೂಂತಲೇ ಗೊತ್ತಿಲ್ಲ. ನಾನು ಯಾಕೆ ಹೇಳ್ಲಿ?’

‘ಸಾರಿ ಅಂಕಲ್. ನಿಮ್ಮನ್ನು ಕೇಳಬಾರದಿತ್ತು.’

ಅವಳು ನನ್ನಲ್ಲಿ ಕ್ಷಮೆ ಕೇಳಿದಳು! ಆಮೇಲೆ ತನ್ನ ಮನೆಯಲ್ಲೇ ಯಾರಾದರೂ ಕೇಳಿಸಿಕೊಂಡರೇನೋ, ಕಂಪ್ಯೂಟರಿಗೆ ಯಾರಾದರೂ ಕೈಹಾಕಿದರೇನೋ ಎಂದು ವಾರಗಟ್ಟಲೆ ಒದ್ದಾಡಿದಳು. ಕಾಲೇಜಿನ ಹಿರಿಯರ ಮುಂದೆ ತಪ್ಪು ತನ್ನದೇ ಎಂದು ಬರೆದುಕೊಟ್ಟಳು. ಹನ್ನೊಂದನೆಯವರ ದನಿಯನ್ನೆಲ್ಲ ಅಳಿಸಿದಳು. ನನಗೂ ಅಳಿಸಲು ಹೇಳಿದಳು, ಅಳಿಸಿದೆ. ಅವಳ ಸಂಶೋಧನೆ ಮುಗಿದು ಅಚ್ಚಾದಾಗ ರೀನಾ ಓದಿ ಹೇಳಿದಳು — ಒಬ್ಬರು ಮಧ್ಯದಲ್ಲಿ ಹಿಂದೆ ಸರಿದರು ಎಂದು ಒಂದು ಸಾಲು ಇದೆಯಂತೆ. ಕಣ್ಣಿಲ್ಲದೆ ಬದುಕುವುದು ಎಂದರೆ ಏನೆಂದು ನನಗೆ ಕಲಿಸಿದವರು ಆ ಪುಸ್ತಕದಲ್ಲಿ ಅಷ್ಟೇ ಇದ್ದಾರೆ, ಒಂದು ಸಾಲು, ಅದೂ ಹಿಂದೆ ಸರಿದದ್ದು.

ಈಗ ಮುಂದೂಡುತ್ತ ಬಂದದ್ದಕ್ಕೆ ಬರುತ್ತೇನೆ.

ನಾನು ಗ್ಲೆನ್‌ಗೆ ಫೋನ್ ಮಾಡಿದ್ದು ಹದಿಮೂರನೆಯ ದಿನ. ಹನ್ನೆರಡು ದಿನ ಇಲ್ಲದ ಗ್ಯಾಸು, ಬೆಂಕಿ, ಈಜುಕೊಳದ ಭಯ ಅವತ್ತೇ ಯಾಕೆ ಬಂತು? ಅದರ ಹಿಂದಿನ ದಿನದ ರೆಕಾರ್ಡಿಂಗಿನಲ್ಲಿ ನಾಲ್ಕು ಸಾಲುಗಳಿದ್ದವು. ಅವನ್ನು ನಾನು ಟೈಪ್ ಮಾಡಲಿಲ್ಲ. ಒಂದಕ್ಷರ ಬಿಡುವುದಿಲ್ಲವೆಂದು ಸಹಿ ಹಾಕಿದ ಕೈ ಆ ನಾಲ್ಕು ಸಾಲನ್ನು ನುಂಗಿ ಮುಂದಿನ ವಾಕ್ಯಕ್ಕೆ ಹೋಯಿತು. ದನಿಯೂ ಅಳಿಸಿಹೋದ ಮೇಲೆ ಈಗ ಅವು ಇರುವುದು ನನ್ನ ತಲೆಯೊಳಗೆ ಮಾತ್ರ. ಟೈಪ್ ಮಾಡುತ್ತೇನೆ, ಇಗೋ:

‘ಶನಿವಾರದ ಪ್ರಾರ್ಥನೆಯಲ್ಲಿ ಒಬ್ಬ ಮುದುಕ ಉಂಟು, ಅವನ ದನಿ ಕೇಳಿದ್ರೆ ದೇವರೂ ಅವನ ವಾರ್ಡಿನವರೇ ಅನಿಸ್ತದೆ.

‘ಊರಿನವರ ಮನೆಯ ಕದ ತಟ್ಟಿ ತಟ್ಟಿ, ಅವನ ಸ್ವಂತ ಮನೆಯಲ್ಲಿ ಅವನ ಹತ್ರ ಮಾತಾಡುವವರು ಯಾರೂ ಉಳಿದಿರ್ಲಿಕ್ಕಿಲ್ಲ.

‘ಪಾಪ.

‘ನನಗೆ ಕಣ್ಣಿಲ್ಲ, ಅವನಿಗೆ ಕಿವಿ ಇಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ‘ಪಾಪ’ ಎಂದರಲ್ಲ — ನೋಡದೆಯೇ ನನ್ನ ಮನೆಯೊಳಗನ್ನು ನೋಡಿಬಿಟ್ಟರಲ್ಲ. ದಿನದ ಅರ್ಧ ಹೊತ್ತು ಆಕೆಯ ದನಿಯನ್ನೇ ಕಿವಿಯಲ್ಲಿಟ್ಟುಕೊಂಡು ಬದುಕುತ್ತಿದ್ದವನಿಗೆ ಕಿವಿಯೇ ಇಲ್ಲವೆಂದರು. ಮರುದಿನ ಬೆಳಿಗ್ಗೆ ಎದ್ದಾಗ ನನಗೆ ಈಜುಕೊಳದ ನೆನಪಾಯಿತು. ಹೀಗೆ ನಡೆದದ್ದು. ಸೇಡು ಎಂಬುದು ಕರ್ತವ್ಯದ ಬಟ್ಟೆ ತೊಟ್ಟು ಬಂತು ಎಂದು ಹೇಳಿದರೆ ನಾನೇನೋ ಗೊತ್ತಾಗದೆ ಮೋಸಹೋದವನಂತೆ ಆಗುತ್ತದೆ. ಇಲ್ಲ. ಬಟ್ಟೆ ತೊಡಿಸಿದವನೂ ನಾನೇ, ಗುಂಡಿ ಹಾಕಿದವನೂ ನಾನೇ.

ಆಮೇಲೆ ಶನಿವಾರಗಳಲ್ಲಿ ಆಕೆ ಲದಿನ್ ಹೇಳಲಿಲ್ಲ. ವೀಡಿಯೊದ ಒಂದು ಚೌಕದಲ್ಲಿ ಕುರ್ಚಿಯ ಮೇಲೆ ಕೂತಿರುತ್ತಿದ್ದರು, ತುಟಿ ಅಲುಗದೆ. ಬೇರೆ ಯಾರೋ ಪುಸ್ತಕ ನೋಡಿ ಹೇಳುತ್ತಿದ್ದರು, ತಪ್ಪುತ್ತಿದ್ದರು. ಗಡಿಗಳು ತೆರೆದ ಮೇಲೆ ಗ್ಲೆನ್ ಆಕೆಯನ್ನು ಮಂಗಳೂರಿನ ಕಡೆ ಕನ್ಯಾಸ್ತ್ರೀಯರು ನಡೆಸುವ ಒಂದು ಆಶ್ರಮಕ್ಕೆ ಕಳಿಸಲು ತೀರ್ಮಾನಿಸಿದ. ಆಕೆಯೇ ಕೇಳಿದರಂತೆ. ಹೊರಡುವ ಮೊದಲು ಚರ್ಚಿನ ಅಂಗಳದಲ್ಲಿ ಬೀಳ್ಕೊಡುಗೆಗೆ ಸೇರಿದ್ದೆವು. ಆಕೆಯನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಇಪ್ಪತ್ತಾರು ಹೆಜ್ಜೆ ಎಣಿಸಿ ನಡೆಯುತ್ತಿದ್ದ ಕಾಲು — ಒಂದು ವರ್ಷ ಕೂತೇ ಸೋತಿತ್ತು.

ನಾನು ಎದುರು ನಿಂತೆ. ಆಕೆ ಕೈ ಚಾಚಿ ‘ಯಾರು?’ ಎಂದರು. ಹೆಸರು ಹೇಳಿದೆ.

‘ಓ, ಗುರ್ಕಾರರಾ!’ ಎಂದು ನಕ್ಕರು. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿದರು. ‘ಟೈಪ್ ಮಾಡುವವರ ಕೈ. ಯಾಕೆ ಇಷ್ಟು ತಣ್ಣಗುಂಟು?’

ಆಕೆ ಕಾಯುತ್ತಿದ್ದ ಹಾಗಿತ್ತು — ಹಾಗೆ ನನಗೆ ಅನ್ನಿಸಿತೋ, ನಿಜವಾಗಿ ಕಾಯುತ್ತಿದ್ದರೋ, ಇವತ್ತಿಗೂ ತಿಳಿಯದು. ನಾನು ಹೇಳಿದ್ದು, ‘ಊರಿಗೆ ಹೋದ ಮೇಲೆ ಒಳ್ಳೆ ಬಂಗುಡೆ ತಿನ್ನಿ. ಇಲ್ಲಿಯ ಮೀನು ಎಂಥದ್ದು!’

‘ತಿಂತೇನೆ’ ಎಂದು ಆಕೆ ಕೈ ಬಿಟ್ಟರು. ಗ್ಲೆನ್ ಬಂದು ಕುರ್ಚಿ ತಳ್ಳಿಕೊಂಡು ಹೋದ.

ಹೋದ ವಾರ ವಿನುತಾ ಬಂದಿದ್ದಳು. ರೀನಾ ತಪಾವು, ಅಂದರೆ ಹೋಟೆಲಿನಿಂದ ಕಟ್ಟಿಸಿದ ಊಟ, ತರಲು ಕೆಳಗಿಳಿದಿದ್ದಾಗ ಅವಳಿಗೆ ಎಲ್ಲ ಹೇಳಿದೆ — ಫೋನು, ಅವಳ ಮೇಲೆ ಹೊರಿಸಿದ್ದು, ಬಿಟ್ಟ ನಾಲ್ಕು ಸಾಲು. ಅವಳು ಬಹಳ ಹೊತ್ತು ತನ್ನ ಮಾಸ್ಕನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದಳು. ಕೂಗಾಡಲಿಲ್ಲ. ‘ಒಂದು ವರ್ಷ ನಾನು ನನ್ನ ಗಂಡನ ಮೇಲೇ ಡೌಟ್ ಪಟ್ಟಿದ್ದೆ ಅಂಕಲ್’ ಎಂದಳು. ನಾನು ಕ್ಷಮಿಸು ಎಂದೆ. ‘ನನಗೆ ಆಮೇಲೆ. ಮೊದಲು ಅವರಿಗೆ ಹೇಳಿ’ ಎಂದು ಎದ್ದಳು. ಊಟಕ್ಕೆ ನಿಲ್ಲಲಿಲ್ಲ.

ಆವತ್ತಿನಿಂದ ಈ ಹಾಳೆಗಳನ್ನು ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಬರೆಯುತ್ತ ಬರೆಯುತ್ತ ಕೈ ನಿಂತಿತು. ಯಾರಿಗೆ ಬರೆಯುತ್ತಿದ್ದೇನೆ? ಓದಲಾರದವರಿಗೆ. ಕ್ಷಮೆ ಕೇಳಬೇಕಾದ ಹೆಂಗಸು ಕಣ್ಣು ಕಾಣದವರು, ಮತ್ತು ನಾನು ಪುಟಗಟ್ಟಲೆ ಬರೆಯುತ್ತಿದ್ದೇನೆ, ಅಕ್ಷರ ತಿದ್ದುತ್ತಿದ್ದೇನೆ, ಒಳ್ಳೆಯ ಕಾಗದ ಹುಡುಕುತ್ತಿದ್ದೇನೆ! ಇದೂ ಮುಂದೂಡುವುದರ ಇನ್ನೊಂದು ದಾರಿ. ಇದನ್ನು ಯಾರಾದರೂ ಆಕೆಗೆ ಓದಿ ಹೇಳಲಿ, ಅವರ ದನಿಯಲ್ಲಿ ನನ್ನ ತಪ್ಪು ಸ್ವಲ್ಪ ಸಣ್ಣದಾಗಿ ಕೇಳಲಿ ಎಂಬ ಆಸೆ ನನ್ನೊಳಗೆ ಎಲ್ಲೋ ಇತ್ತು.

ಇವತ್ತು ಬೆಳಿಗ್ಗೆ ಗ್ಲೆನ್‌ಗೆ ಫೋನ್ ಮಾಡಿ, ಅವನ ತಾಯಿಯ ಜೊತೆ ಯಾಕೆ ಮಾತಾಡಬೇಕಾಗಿದೆ ಎಂದು ಹೇಳಿ, ನಂಬರ್ ಕೇಳಿದೆ. ಅವನು ಫೋನ್ ಇಟ್ಟ. ಆಮೇಲೆ ನಂಬರ್ ಕಳಿಸಿದ, ಜೊತೆಗೆ ಒಂದೇ ಸಾಲು — ಮಮ್ಮಿ ಈಗ ಫೋನ್ ಎತ್ತುವುದಿಲ್ಲ, ವಾಯ್ಸ್ ಮೆಸೇಜ್ ಕೇಳುತ್ತಾರೆ. ಮಾಮ್ ಎಂದು ಬರೆದಿರಲಿಲ್ಲ.

ಆದ್ದರಿಂದ ಹೀಗೆ ಮಾಡುತ್ತೇನೆ. ಈ ಹಾಳೆಗಳನ್ನು ನನ್ನದೇ ದನಿಯಲ್ಲಿ, ಮೊದಲಿನಿಂದ ಕಡೆಯ ತನಕ, ಆ ನಾಲ್ಕು ಸಾಲುಗಳನ್ನೂ ಬಿಡದೆ ಓದಿ ಕಳಿಸುತ್ತೇನೆ. ನನ್ನ ಗುಟ್ಟನ್ನು ಆಕೆ ಯಾರಿಗೆ ಬೇಕಾದರೂ ಕೇಳಿಸಬಹುದು. ಇದರಲ್ಲಿ ಆಕೆಯ ಮಾತುಗಳಿವೆ, ಅವು ನನ್ನ ಸ್ವತ್ತಲ್ಲ. ಬೇಡ ಎಂದರೆ ಈ ಬರಹ ಯಾರ ಕೈಗೂ ಹೋಗುವುದಿಲ್ಲ. ಹೋಗಲಿ ಎಂದರೆ, ಆಕೆ ಕೇಳಿಕೊಂಡ ಹಾಗೆ ಹೆಸರಿನ ಜೊತೆಗೇ ಹೋಗುತ್ತದೆ. ಉತ್ತರ ಬರಬೇಕೆಂದಿಲ್ಲ. ಬಂದರೆ ಈ ಸಲ 'ಕಿವಿ ಇಲ್ಲದವನು' ಕೇಳಿಸಿಕೊಳ್ಳುತ್ತಾನೆ, ಅಷ್ಟೇ.

ಫೋನ್ ಮೇಜಿನ ಮೇಲಿದೆ. ಒಳಗೆ ರೀನಾ ಮೀಟಿಂಗಿನಲ್ಲಿದ್ದಾಳೆ, ನನ್ನ ದನಿ ಗೋಡೆ ದಾಟಿ ಕೇಳಿದರೆ ಕೇಳಲಿ. ಕ್ಷಮೆಯ ಮಾತು ಎರಡನೆಯದು. ಅದಕ್ಕೆ ಮೊದಲು ಆಕೆಯ ಹೆಸರಿದೆ, ಇಷ್ಟು ದಿನ ಆಕೆಯನ್ನು ಸಂಖ್ಯೆ ಹಿಡಿದು ಕರೆದ ನಾಲಿಗೆಯಿಂದ ಅದು ಮೊದಲು ಬರಬೇಕು, ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ‘ಬಾಯಿ’ಯ ಜೊತೆ. ಗುಂಡಿ ಒತ್ತಿದ್ದೇನೆ. ಕೆಂಪು ಚುಕ್ಕೆ ಮಿನುಗುತ್ತಿದೆ.

ಸೆವ್ರಿನ್ ಬಾಯಿ.